ಅಳುವ ಲೋಕಲ್‌ಗಳು

ಪಾಸಾದ! ನನ್ನ ಮೊಮ್ಮಗ ಇಂಗ್ಲಿಷಿನಲ್ಲಿ ಪಾಸಾದ! ಬೆಳಿಗ್ಗೆ ಕಾಲೇಜಿನ ಬೋರ್ಡಿನಲ್ಲಿ ನಂಬರ್ ನೋಡಿಕೊಂಡು ಬಂದ. ಮೊಮ್ಮಗಳೂ ಪಾಸು, ಅವಳದ್ದು ನನಗೆ ಗೊತ್ತೇ ಇತ್ತು. ಇವನದ್ದಕ್ಕೆ ಮುಲುಂಡಿನ ನಮ್ಮ ಚಾಳಿನ ಮನೆಮನೆಗೂ ಸಕ್ಕರೆ ಹಂಚಿದೆ.

ಹಿಂದಿನ ವರ್ಷ ಆ ಒಂದೇ ವಿಷಯದಲ್ಲಿ ಫೇಲಾಗಿ ಅವನು ತಂಗಿಯ ಕ್ಲಾಸಿಗೇ ಬಂದು ಸೇರಿದ್ದ. "ಈ ಸಲವೂ ಹೋದ್ರೆ ಓದು ಸಾಕು. ದಾದರಿನ ಹೋಟೆಲಿಗೆ ಬಾ, ನನ್ನ ಜೊತೆ ಕೌಂಟರಿನಲ್ಲಿ ಕೂತ್ಕೋ" ಎಂದು ನನ್ನ ಮಗ ಹೇಳಿಯಾಗಿತ್ತು. ಹುಡುಗನಿಗೋ ಓದುವ ಆಸೆ.

ನಾನು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟು, ಮದುವೆಯಾಗಿ ಉಡುಪಿ ಕಡೆಯಿಂದ ಬೊಂಬಾಯಿಗೆ ಬಂದವಳು. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ಓದುವವರನ್ನು ನೋಡುತ್ತ ಕೂರುವುದೆಂದರೆ ಬಲು ಇಷ್ಟ. ಕನ್ನಡ ಶಾಲೆಯಲ್ಲಿ ಕಲಿತು ಕಾಲೇಜಿಗೆ ಹೋದ ಮೊಮ್ಮಕ್ಕಳಿಬ್ಬರಿಗೂ ಒಂದೇ ಪುಸ್ತಕ, ಓದುವ ರೀತಿ ಮಾತ್ರ ಬೇರೆ. ಅವನ ತೊಡೆಯ ಮೇಲೆ ಯಾವಾಗಲೂ ಡಿಕ್ಷನರಿ. ಒಂದು ಶಬ್ದ ತಿಳಿಯದಿದ್ದರೆ ಮುಂದಿನದನ್ನು ಮುಟ್ಟುವವನಲ್ಲ. ಪರೀಕ್ಷೆಯಲ್ಲೂ ಹಾಗೇ ಕೂತು ಅರ್ಧ ಪೇಪರ್ ಬಿಟ್ಟುಬಂದಿದ್ದ. ಅವಳೋ, ಪುಸ್ತಕವನ್ನು ಡಬ್ಬಕ್ಕೆ ಒರಗಿಸಿ, ಚಪಾತಿ ಹಿಟ್ಟು ನಾದುತ್ತ, ಗಟ್ಟಿಯಾಗಿ ಓದಿ ನನಗೆ ಕನ್ನಡದಲ್ಲಿ ಕಥೆ ಹೇಳುತ್ತ ಓಡುವವಳು.

ಒಂದು ಸಂಜೆ ಹೇಳಿದಳು: "ಅಜ್ಜೀ, ಹೊಳೆಯ ಸೇತುವೆ ಮುರಿದು ಬಿತ್ತಂತೆ. ಲೋಕಲ್ಸ್ ಎಲ್ಲ ಈಚೆ ದಡದಲ್ಲೇ ನಿಂತವಂತೆ."

"ಪಾಪ, ರೈಲಿಲ್ಲದೆ ಆಫೀಸಿಗೆ ಹೋಗುವವರ ಗತಿ?" ಎಂದೆ.

ಮುಂದಿನ ಸಾಲಿಗೆ ಅವಳ ಕೈ ನಿಂತಿತು. "ಲೋಕಲ್ಸ್ ಅಳ್ತಾ ಇದ್ದವಂತೆ!"

"ರೈಲು ಅಳುವುದುಂಟಾ ಮಾರಾಯ್ತಿ?"

ಮೂಲೆಯಿಂದ ಅವಳಣ್ಣ ನಕ್ಕ. "ಅರೇ ಪಗ್ಲಿ, ಲೋಕಲ್ಸ್ ಅಂದ್ರೆ ಆ ಊರಿನ ಜನ. ಡಿಕ್ಷನರಿ ನೋಡು."

"ನೋಡ್ಲಿಕ್ಕೆ ನಂಗೆ ಕೈ ಎಲ್ಲುಂಟು? ಅಳ್ತಾ ಇದ್ರು ಅಂದ ಮೇಲೆ ಜನವೇ ಅಂತ ನಂಗೂ ಗೊತ್ತಾಯ್ತು. ನೀನು ಯಾವ ಪುಟದಲ್ಲಿದ್ದಿ?"

ಅವನಿನ್ನೂ ಸೇತುವೆಯ ಹತ್ತಿರವೇ ಬಂದಿರಲಿಲ್ಲ.

"ಹೆಣ್ಣುಮಕ್ಕಳ ಬುದ್ಧಿಯೇ ಹಾಗೆ, ಹಾರಿ ಹಾರಿ ಓದ್ತವೆ" ಎಂದಳು ಸೊಸೆ. ನನಗೆ ಮಾತ್ರ "ಕೈ ಎಲ್ಲುಂಟು" ಎಂದದ್ದೇ ತಲೆಯಲ್ಲಿ ಉಳಿಯಿತು. ಹೀಗೆ ಹಾರಿ ಓದುವುದು ಬುದ್ಧಿಯಿಂದಲೋ, ಕೈ ಖಾಲಿ ಇಲ್ಲದ್ದರಿಂದಲೋ? ನೋಡಿಯೇ ಬಿಡೋಣವೆಂದು ಮರುದಿನ ಮೊಮ್ಮಗನನ್ನು ತುರಿಮಣೆಯ ಮೇಲೆ ಕೂರಿಸಿ, ಎದುರಿಗೆ ಪುಸ್ತಕ ಇಟ್ಟೆ. ಡಿಕ್ಷನರಿ ತಂಗಿಯ ಕೈಗೆ.

"ಇದೆಂತ ಪನಿಶ್ಮೆಂಟ್ ಅಜ್ಜೀ?"

"ಕಾಯಿ ತುರಿ, ಓದು."

ಒಂದು ಶಬ್ದಕ್ಕೆ ನಿಂತ. ಕೈಯೆಲ್ಲ ಕಾಯಿತುರಿ. ತಂಗಿಯ ಮುಖ ನೋಡಿದ. "ಹೇಳುದಿಲ್ಲ, ಮುಂದೆ ಹೋಗು" ಎಂದಳು. ಗೊಣಗುತ್ತ ಹೋದ. ಎರಡು ಸಾಲು ದಾಟಿದವನೇ "ಓ, ಹಾಗಾ!" ಎಂದು ಕೂಗಿದ. ಅಷ್ಟರಲ್ಲಿ ಡಿಕ್ಷನರಿ ಮಗುಚುತ್ತಿದ್ದ ತಂಗಿ ಸದ್ದಿಲ್ಲದೆ ತುಟಿ ಕಚ್ಚಿಕೊಂಡಳು. ಅವಳು ಊಹಿಸಿದ್ದರಲ್ಲೂ ಕೆಲವು ತಪ್ಪಾಗಿದ್ದವು. ಅಂದಿನಿಂದ ಪರೀಕ್ಷೆಯವರೆಗೆ ಕಾಯಿ ತುರಿಯುವ ಕೆಲಸ ಅವನದ್ದೇ.

ಇವತ್ತು ಸಂಜೆ ಪಾಯಸ ಮಾಡಿ ಮಗನಿಗಾಗಿ ಕಾದೆವು. ಬೆವರೊರೆಸುತ್ತ ಬಂದ. "ಲೋಕಲ್ ಲೇಟು."

"ಅಳ್ತಾ ಇದ್ದವಾ ಅಪ್ಪಾ?" ಎಂದಳು ಮೊಮ್ಮಗಳು. ಅವನಿಗೆ ಅರ್ಥವಾಗಲಿಲ್ಲ, ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೊಮ್ಮಗ ಸುದ್ದಿ ಹೇಳಿದ.

"ಪೇಪರ್ ಪೂರ್ತಿ ಬರೆದಿದ್ಯಾ?"

"ಕಡೇ ಸಾಲಿನವರೆಗೆ."

ಮಗ ಕೈ ತೊಳೆದು ಬಂದ. "ಹಾಗಾದ್ರೆ ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕು" ಎಂದು ತಟ್ಟೆಯ ಮುಂದೆ ಕೂತ. ಐವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಉಂಡೆವು. ಪಾಯಸದ ಕಾಯಿ ತುರಿದದ್ದು ಮೊಮ್ಮಗನೇ.