ನಾನು ನೋಡಿರದ ನನ್ನ ಬೆನ್ನು

ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷ ಜೀನ್ಸ್ ಪ್ಯಾಂಟು ಹೊಲಿದ ಮೇಲೆ ನನ್ನ ಬಲಗೈ ಭುಜದಿಂದ ಮೇಲೇಳುವುದನ್ನೇ ಬಿಟ್ಟಿತು. ಜಡೆ ಹಾಕಿಕೊಳ್ಳಲೂ ಮಗಳು ಬೇಕಾದಳು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಬಿಗಿದಿದೆ, ನಾಲ್ಕೈದು ಸಲ ಮಸಾಜ್ ಮಾಡಿಸಿಕೊಳ್ಳಿ ಎಂದರು ಡಾಕ್ಟರು.

ಗುರುತಿಲ್ಲದವರ ಮುಂದೆ ಕುಪ್ಪಸ ಬಿಚ್ಚಿ ಬೋರಲು ಮಲಗಬೇಕಲ್ಲ ಎಂದು ಎರಡು ವಾರ ಮುಂದೂಡಿದೆ. ಕೊನೆಗೆ ಮಗಳೇ ಫೋನ್ ಮಾಡಿ ಸಮಯ ಗೊತ್ತು ಮಾಡಿದಳು. ಎರಡು ತಾಸು ಮೊದಲು ಏನೂ ತಿನ್ನಬಾರದು, ಬಿಸಿನೀರಿನ ಸ್ನಾನ ಮಾಡಿ ಬರಬೇಕು ಎಂದಿದ್ದರಂತೆ. ನಾಚಿಕೆಗೆ ಎರಡು ಸಲ ಸೋಪು ಹಚ್ಚಿದೆ. ಬಳೆ ತೆಗೆದಿಟ್ಟೆ. ತಾಳಿ ತೆಗೆಯಲು ಮನಸ್ಸಾಗದೆ ಹಾಗೇ ಹೋದೆ.

ಮಸಾಜ್ ಮಾಡುವಾಕೆ ನನ್ನ ಮಗಳ ವಯಸ್ಸಿನವಳು. ಎಣ್ಣೆ ಬೆಚ್ಚಗಿತ್ತು. ಭುಜ, ಕುತ್ತಿಗೆ ಮುಗಿಸಿ ಕೆಳಗಿಳಿದ ಅವಳ ಕೈ ಬೆನ್ನಿನ ನಡುವೆ ತಟ್ಟನೆ ನಿಂತಿತು.

"ಅಕ್ಕಾ, ಈ ಬರಿ ಯಾವಾಗ ಹಾಕಿದ್ದು?"

"ಎಂಥಾ ಬರಿ?"

ಅವಳು ನನ್ನದೇ ಫೋನಿನಲ್ಲಿ ಫೋಟೋ ತೆಗೆದು ಮುಖದ ಹತ್ತಿರ ಹಿಡಿದಳು. ಬೆನ್ನೆಲುಬಿನ ಎರಡೂ ಬದಿಗೆ ಹೆಬ್ಬೆರಳುದ್ದದ ಬರೆಯ ಗೆರೆಗಳು, ಸುಟ್ಟು ಮಾಗಿ ಬೆಳ್ಳಗಾದವು. ಇದು ಬೇರೆ ಯಾರದೋ ಬೆನ್ನು ಎಂದುಕೊಂಡೆ. ಆದರೆ ಕುತ್ತಿಗೆಯಲ್ಲಿ ನನ್ನ ತಾಳಿಯ ಸರ ಕಾಣುತ್ತಿತ್ತು. ನನಗೆ ನಲವತ್ತೇಳು ವರ್ಷ.

"ಇವತ್ತು ಭಾರ ಎತ್ತಬ್ಯಾಡ್ರಿ, ಬಿಸಿನೀರು ಕುಡೀರಿ. ನಾಳೆ ಮೈ ನೋಯ್ತೈತಿ, ಅಂಜಬ್ಯಾಡ್ರಿ," ಎಂದಳು ಕಳಿಸುವಾಗ.

ಮನೆಗೆ ಬಂದವಳೇ ಗಂಡನಿಗೆ ಫೋಟೋ ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಅದಾ? ಮದುವಿ ಆದಾಗಿಂದ ನೋಡೀನಲ್ಲ."

"ಒಂದು ಮಾತು ಹೇಳಲಿಲ್ಲ ಯಾಕ?"

"ನಿನ್ನ ಬೆನ್ನು, ನಿನಗ ಗೊತ್ತಿರತೈತಿ ಅನ್ಕೊಂಡೆ. ಕೇಳಿದ್ರ ಬ್ಯಾಸರ ಮಾಡ್ಕೊಂತಿ ಅಂತ ಸುಮ್ನಿದ್ದೆ."

ಮರುದಿನ ಮಸಾಜಿನವಳು ಹೇಳಿದಂತೆ ಮೈಯೆಲ್ಲ ಜಜ್ಜಿದ ಹಾಗೆ ನೋಯಿತು. ಎರಡು ದಿನ ಹೊಲಿಗೆ ಬಿಟ್ಟು ಬಿಸಿನೀರು ಕುಡಿಯುತ್ತ ಮಲಗಿದೆ. ಕಣ್ಣು ಮುಚ್ಚಿದರೆ ಆ ಗೆರೆಗಳೇ. ಮೂರನೆಯ ದಿನ ಕೈ ತಲೆಯವರೆಗೆ ಎದ್ದಿತು. ಅದಕ್ಕೆ ಖುಷಿಪಡುವುದನ್ನೂ ಮರೆತು ಕುರುಗೋಡಿನ ಬಸ್ಸು ಹತ್ತಿದೆ. ಅಲ್ಲಿ ತಮ್ಮನ ಮನೆಯಲ್ಲಿ ಅವ್ವ ಇದ್ದಾಳೆ.

ಫೋಟೋ ನೋಡಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸಿರುಗುಪ್ಪದ ನನ್ನ ತವರಾಗ ಮೂರು ತಿಂಗಳ ಕೂಸು ನೀ. ಮೈ ಸೆಟೆದು ನೀಲಿಗಟ್ಟಿತ್ತು. ಬರಿ ಹಾಕಿದ್ರ ಉಳಿತೈತಿ ಅಂದ್ರು. ನಿಮ್ಮಜ್ಜಿ ಬಳಿಚೂರು ಕೆಂಡದಾಗ ಕಾಸಿ ಬೆನ್ನಿಗೆ ಒತ್ತಿದ್ಲು. ನಿನ್ನ ಕಾಲು ನಾನ ಹಿಡಕೊಂಡಿದ್ದೆ."

ಅಜ್ಜಿ! ರಜೆಯಲ್ಲೆಲ್ಲ ಮಗ್ಗುಲಲ್ಲಿ ಮಲಗಿಸಿಕೊಂಡು ಬೆನ್ನು ಸವರುತ್ತಿದ್ದವಳು. ಏನು ಸವರುತ್ತಿದ್ದಳು ಎಂಬುದು ಆಗ ಹೊಳೆಯಿತು.

"ನಿನ್ನ ಬಾಣಂತನದಾಗ ದಿನಾ ಈ ಬೆನ್ನಿಗೆ ಎಣ್ಣಿ ತಿಕ್ಕೀನಿ," ಎಂದಳು ಅವ್ವ. "ಇವತ್ತು ಕೇಳ್ತಿ, ಇವತ್ತು ಕೇಳ್ತಿ ಅಂತ ದಿನಾ ಅಂಜೀನಿ. ನೀ ಕೇಳಲೇ ಇಲ್ಲ. ನಿನ್ನ ಕೂಡ ಆ ಬರಿನೂ ಬೆಳದ್ವು ಯವ್ವಾ."

ನಾನು ಉಣ್ಣದೆ ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿಯ ಬಸ್ಸು ನಿಂತಿತ್ತು. ಹತ್ತಲಾಗದೆ ಹಿಂದಕ್ಕೆ ಹೋದೆ. ಅವ್ವ ಅದೇ ಜಾಗದಲ್ಲಿ ಕೂತಿದ್ದಳು. ಬಾಗಿಲು ಹಾಕಿ, ಕುಪ್ಪಸ ಸಡಿಲಿಸಿ ಅವಳಿಗೆ ಬೆನ್ನು ಮಾಡಿ ಕೂತೆ.

"ಎಷ್ಟದಾವು, ಮುಟ್ಟಿ ಹೇಳು."

ಅವಳು ಒಂದೊಂದನ್ನೇ ಮುಟ್ಟಿ "ಏಳು" ಎಂದಳು. ನಾನು ಕುಪ್ಪಸ ಸರಿಮಾಡಿಕೊಂಡೆ. ಆಮೇಲೆ ಅವ್ವ ಎದ್ದು ಊಟದ ತಾಟು ತಂದಿಟ್ಟಳು. ಕೂತು ಉಂಡೆ.