ಬೋರಲು ಲೋಟ ಉಳಿದರೆ ಬಸ್ಸು ಹೊರಡದು

ಮುನಿರತ್ನಮ್ಮ ಒಣಮೆಣಸಿನಕಾಯಿಯನ್ನು ಎಣ್ಣೆಗೆ ಬಿಟ್ಟರೆಂದರೆ ಸೂಲಿಬೆಲೆಯ ಕೋಳಿಗಳು ಕೂಗುವುದನ್ನು ಬಿಟ್ಟು ಸೀನುತ್ತವೆ. ಆ ಘಾಟು ರಸ್ತೆ ಹಿಡಿದು ಹೊಸಕೋಟೆ ತಲುಪುತ್ತದೆ. ಅಲ್ಲಿ ಬೆಳಗಿನ ಬಿರಿಯಾನಿಗೆ ಸಾಲು ನಿಂತ ಸಾವಿರ ಜನ, ತಪ್ಪು ಸಾಲಿನಲ್ಲಿ ನಿಂತೆವೇನೋ ಎಂದು ಒಂದು ಗಳಿಗೆ ಯೋಚಿಸುತ್ತಾರೆ. ನಂಬದವರು ಬಂದು ಮೂಸಿ ನೋಡಬಹುದು. ಆದರೆ ಇವತ್ತೇ ಬರಬೇಕು. ಈ ಘಾಟಿಗೆ ಇವತ್ತಿನದೇ ಕೊನೆಯ ಪ್ರಯಾಣ.

ಗಂಟೆ ಐದು. ಬಸ್ ನಿಲ್ದಾಣದ ಹಿಂದಿನ ಬಯಲಲ್ಲಿ ಸಪ್ಪಲಮ್ಮ ಟ್ರಾವೆಲ್ಸ್‌ನ ಹಳೇ ಬಸ್ಸು ಹಿಂಬಾಗಿಲು ತೆರೆದುಕೊಂಡು ನಿಂತಿದೆ. ಐವತ್ತಾರರ ಮುನಿರತ್ನಮ್ಮ ಆನೆಯನ್ನು ಇಡಿಯಾಗಿ ಬೇಯಿಸಬಹುದಾದ ಹಂಡೆಯನ್ನು ಸೊಂಟಕ್ಕೆ ಆನಿಸಿಕೊಂಡು ಒಳಗೆ ತಳ್ಳುತ್ತಿದ್ದಾರೆ. ದಾರಿಗೆ ಚಿತ್ರಾನ್ನ ಆಗಿದೆ. ನಲವತ್ತೈದು ಜನ, ಐದು ದಿನ, ಉಡುಪಿಯಿಂದ ಗೋಕರ್ಣದವರೆಗಿನ ಕರಾವಳಿ. ಐವತ್ತೈದು ಕೆಜಿ ಅಕ್ಕಿ, ಅರವತ್ತು ತೆಂಗಿನಕಾಯಿ, ಎರಡು ಸಿಲಿಂಡರ್. ಹನ್ನೊಂದು ವರ್ಷದಲ್ಲಿ ಇದು ಇನ್ನೂರ ಹನ್ನೆರಡನೇ ಸಲ. ಇಷ್ಟು ಸಲದ ಒಗ್ಗರಣೆಯ ಸಾಸಿವೆಯನ್ನು ಒಂದೊಂದಾಗಿ ಜೋಡಿಸಿದರೆ ಗೋಕರ್ಣ ಮುಟ್ಟಿ, ಇನ್ನೊಂದು ದಾರಿಯಲ್ಲಿ ವಾಪಸ್ಸೂ ಬರುತ್ತದೆ. ಅವರಿಗೆ ಮಾತ್ರ ಬಸ್ಸಿನಲ್ಲಿ ಸೀಟಿಲ್ಲ. ಕೊನೆಯ ಸಾಲಿನ ಹಿಂದೆ, ಅಕ್ಕಿ ಮೂಟೆಯ ಮೇಲೆ ಅವರ ಜಾಗ.

ಕರಾವಳಿಯ ಬಗ್ಗೆ ಅವರನ್ನು ಕೇಳಬೇಕು. ದೊಡ್ಡ ದೊಡ್ಡ ಗೈಡುಗಳು ಅವರ ಮುಂದೆ ನಿಂತು ತಲೆ ಕೆರೆದುಕೊಳ್ಳಬೇಕು, ಅಷ್ಟು ಗೊತ್ತು. ಗೊತ್ತಿರುವುದೆಲ್ಲ ಹಸಿವಿನ ಲೆಕ್ಕದಲ್ಲಿ. ಯಾಣದ ಬಂಡೆ ಹತ್ತಿಳಿದವರು ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ, ಆದ್ದರಿಂದ ಅದು ಬಲು ಎತ್ತರದ್ದು. ಉಡುಪಿಯಲ್ಲಿ ಹಂಡೆ ತೊಳೆಯುವ ಕೆಲಸವೇ ಇಲ್ಲ, ಎಲ್ಲರೂ ಮಠದಲ್ಲಿ ಉಂಡು ಬರುತ್ತಾರೆ. ಮಲ್ಪೆಯಿಂದ ದ್ವೀಪಕ್ಕೆ ದೋಣಿ ಹತ್ತಿದವರಲ್ಲಿ ಅರ್ಧ ಜನ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರವಂತೆ. ಅಂತೆ ಏಕೆಂದರೆ ಅಲ್ಲಿ ಮುನಿರತ್ನಮ್ಮ ಬಸ್ಸಿನೊಳಗೇ ಕೂತು ಬೆಳ್ಳುಳ್ಳಿ ಬಿಡಿಸುತ್ತಾರೆ, ಎರಡೂ ಕಿಟಕಿಗೆ ಪರದೆ ಎಳೆದುಕೊಂಡು.

ಇನ್ನೂರ ಹನ್ನೊಂದು ಸಲ ಹೋಗಿಯೂ ಅವರು ಸಮುದ್ರ ನೋಡಿಲ್ಲ. ಎಲ್ಲಿ ಒಲೆ ಹೂಡಿದರೂ ಬೆನ್ನು ನೀರಿನ ಕಡೆಗೇ. ಸಂಡೂರಿನ ಅದಿರಿನಷ್ಟು ಗಟ್ಟಿ ಆ ಹಟ. ಯಾರಾದರೂ ಕೇಳಿದರೆ ಮಾತು ಹಾರಿಸುತ್ತಾರೆ. "ನೋಡ್ದೆ ಏನು, ದಿನಾ ನೋಡ್ತೀನಿ. ಎಲ್ಲಾರ ಕಾಲಿಗೂ ಮೆತ್ಕೊಂಡು ಬಸ್ಸಿಗೇ ಬಂದಿರುತ್ತೆ, ನಾನೇ ಗುಡಿಸ್ಬೇಕು."

ಆ ಹಟದ ಬುಡದಲ್ಲಿ ಅವರ ಗಂಡ ಪಿಳ್ಳಪ್ಪ ಇದ್ದಾನೆ. ಇದೇ ಬಸ್ಸಿನ ಮೊದಲ ಅಡುಗೆಯವನು. ಆಗ ಮುನಿರತ್ನಮ್ಮ ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದರು. ಅವನ ಹುಳಿ ತಿಂದವರು ತಂತಮ್ಮ ಮನೆಗೆ ಹೋಗಿ ಹೆಂಡತಿಯ ಜೊತೆ ವಾರಗಟ್ಟಲೆ ಮಾತು ಬಿಡುತ್ತಿದ್ದರಂತೆ. ಅಷ್ಟು ವರ್ಷ ಸುತ್ತಿದರೂ ಅವನೂ ಸಮುದ್ರಕ್ಕೆ ಕಾಲು ಇಟ್ಟವನಲ್ಲ. ಜನ ನೋಡಲು ಹೋದಾಗ ಅನ್ನ ಬಸಿಯಬೇಕು, ಜನ ತಿಂದಾದ ಮೇಲೆ ಪಾತ್ರೆ ಉಜ್ಜಬೇಕು. ಒಂದು ಸಲ ಹೊರಡುವಾಗ ಮಾತ್ರ, ಈ ಸಾರಿ ನೀರಿಗಿಳಿದೇ ಬರ್ತೀನಿ ಎಂದು ಹೆಂಡತಿಗೆ ಹೇಳಿ ಹೋಗಿದ್ದ.

ಗೋಕರ್ಣದಲ್ಲಿ ಊಟ ಮುಗಿಯಿತು. ಪಿಳ್ಳಪ್ಪ ಪಾತ್ರೆ ಉಜ್ಜಿ, ಬಸ್ಸಿಗೆ ತುಂಬಿ, ಹಿಂಬಾಗಿಲು ಹಾಕಿ, ಪಂಚೆ ಎತ್ತಿ ಕಟ್ಟಿಕೊಂಡು ಒಬ್ಬನೇ ನೀರಿನ ಕಡೆ ನಡೆದ. ಡ್ರೈವರ್ ಗೋಪಾಲಪ್ಪ ಹೊರಡುವ ಹೊತ್ತಿಗೆ ಪಟ್ಟಿ ಹಿಡಿದು ತಲೆ ಎಣಿಸಿದ. ನಲವತ್ತೈದು. ಎಣಿಕೆ ಸರಿಯಾಗಿತ್ತು. ಅಡುಗೆಯವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪಾತ್ರೆಗಳ ನಡುವೆ ಮಲಗಿರುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಬಸ್ಸು ಎರಡು ಗಂಟೆ ಓಡಿ ಮುರುಡೇಶ್ವರ ಸೇರಿ, ಸಂಜೆಯ ಕಾಫಿಗೆ ಒಲೆ ಹಚ್ಚಲು ಕರೆದು ಹಿಂಬಾಗಿಲು ತೆರೆದಾಗ ಒಳಗಿದ್ದದ್ದು ತೊಳೆದು ಬೋರಲು ಹಾಕಿದ ಹಂಡೆಗಳು. ಎರಡು ದಿನದ ಮೇಲೆ ಮೀನುಗಾರರಿಗೆ ಅವನು ಸಿಕ್ಕ. ಬಸ್ಸು ಇನ್ನಷ್ಟು ಹೊತ್ತು ನಿಂತಿದ್ದರೆ ಯಾರಾದರೂ ಹುಡುಕುತ್ತಿದ್ದರೋ, ಹುಡುಕಿದರೆ ಉಳಿಯುತ್ತಿದ್ದನೋ, ಯಾರಿಗೂ ಗೊತ್ತಿಲ್ಲ.

ಮಾರನೇ ವರ್ಷ ಬಸ್ಸಿನ ಮಾಲೀಕ ಮುನಿಶಾಮಪ್ಪ ಮನೆ ಬಾಗಿಲಿಗೆ ಬಂದು, ಅವನ ಕೈರುಚಿ ನಿನಗೊಬ್ಬಳಿಗೇ ಗೊತ್ತಿರೋದು ಎಂದರು. ಮುನಿರತ್ನಮ್ಮ ಸಂಬಳದ ಮಾತೇ ಆಡಲಿಲ್ಲ. ಹೊಸಕೋಟೆಯ ಪಾತ್ರೆ ಅಂಗಡಿಗೆ ಹೋಗಿ, ನಲವತ್ತೇಳು ಸ್ಟೀಲ್ ಲೋಟ ತಂದು, ಮದುವೆಯ ಪಾತ್ರೆಗೆ ಹೆಸರು ಕೊರೆಸುವಂತೆ ಒಂದೊಂದಕ್ಕೂ ಒಂದೊಂದು ನಂಬರ್ ಕೊರೆಸಿದರು. ನಲವತ್ತೈದು ಪ್ರಯಾಣಿಕರಿಗೆ. ನಲವತ್ತಾರು ಡ್ರೈವರಿಗೆ. ನಲವತ್ತೇಳು ಅಡುಗೆಯವರಿಗೆ.

ಅಂದಿನಿಂದ ಅದೇ ಕಾನೂನು. ಬಸ್ಸು ನಿಂತ ಕೂಡಲೇ ಹಿಂಬಾಗಿಲ ಹಲಗೆಯ ಮೇಲೆ ಅಷ್ಟೂ ಲೋಟ ಬೋರಲು. ಊರು ನೋಡಿ ಬಂದವರು ತಮ್ಮ ನಂಬರಿನ ಲೋಟ ಎತ್ತಿ, ಮಜ್ಜಿಗೆಯೋ ಕಾಫಿಯೋ ಕುಡಿದು, ಮುನಿರತ್ನಮ್ಮನ ಕೈಗೇ ಕೊಡಬೇಕು. ಹೊಟ್ಟೆ ತುಂಬಿದವರು ಬರೀ ಲೋಟವನ್ನಾದರೂ ಎತ್ತಿ ಕೊಡಬೇಕು. ಒಂದು ಲೋಟ ಬೋರಲು ಉಳಿದರೂ ಬಸ್ಸು ಹೊರಡದು. ಒಮ್ಮೆ ಹೆಬ್ಬಾಳದ ಕಡೆಯ ಒಬ್ಬ ದೊಡ್ಡ ಸಾಹೇಬರು ಮಿರ್ಜಾನ್ ಕೋಟೆಯಲ್ಲಿ ಸೆಲ್ಫಿ ಹಿಡಿಯುತ್ತ ತಡಮಾಡಿದ್ದಕ್ಕೆ ಮುನಿರತ್ನಮ್ಮ ಚಕ್ರದ ಮುಂದೆಯೇ ಒಲೆ ಹೂಡಿ ಕೂತರು. ಅವತ್ತಿನ ಅವರ ಮುಖ ನೋಡಿ ಕೋಟೆಯ ಗೋಡೆ ಎರಡಂಗುಲ ಹಿಂದೆ ಸರಿಯಿತೆಂದು ಬಸ್ಸಿನವರು ಈಗಲೂ ಹೇಳುತ್ತಾರೆ.

ಎಲ್ಲರಿಗಿಂತ ಮೊದಲು ಲೋಟ ಎತ್ತುವವನು ಗೋಪಾಲಪ್ಪ, ಅದೇ ಡ್ರೈವರ್. ಹನ್ನೊಂದು ವರ್ಷದಲ್ಲಿ ಆ ದಿನದ ಮಾತನ್ನು ಅವನು ಆಡಿದ್ದು ಒಂದೇ ಸಲ. "ಮೂರ್ ಸಲ ಹಾರ್ನ್ ಹೊಡ್ದೆ ಅಕ್ಕಾ. ಎಲ್ಲಾ ಇದಾರೆ ಅಂತ ಗೊತ್ತಿದ್ದೂ ಯಾಕ್ ಹೊಡ್ದೆ ಅಂತ ಈಗ್ಲೂ ತಿಳೀತಿಲ್ಲ." ಮುನಿರತ್ನಮ್ಮ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದ್ದರು.

ಮುಂದಿನ ತಿಂಗಳಿಂದ ಎಲ್ಲ ಬೇರೆ. ಮುನಿಶಾಮಪ್ಪ ಎ.ಸಿ. ಬಸ್ಸು ತರಿಸಿದ್ದಾರೆ. ಒರಗುವ ಸೀಟು, ಊಟ ದಾರಿಯ ಹೋಟೆಲುಗಳಲ್ಲಿ. ಹಂಡೆಗೆ ಜಾಗವಿಲ್ಲ, ಹಂಡೆಯವಳಿಗೂ ಇಲ್ಲ. ಅದನ್ನು ಹೇಳಿದ ದಿನ ಮುನಿರತ್ನಮ್ಮ ಅಳಲಿಲ್ಲ, ಬೈಯಲಿಲ್ಲ. ತಲೆ ಎಣಿಸೋದು ಯಾರು ಎಂದಷ್ಟೇ ಕೇಳಿದರು. ಬುಕಿಂಗ್ ನೋಡಿಕೊಳ್ಳುವ ಚಂದನ ನಗುತ್ತ ಫೋನ್ ತೋರಿಸಿದಳು, ಹೆಸರಿನ ಮುಂದೆ ಟಿಕ್ ಹಾಕಿದರೆ ಆಯಿತು ಎಂದಳು. ಮುನಿರತ್ನಮ್ಮ ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದರು.

"ಇದ್ರಲ್ಲಿ ಗೋಪಾಲಪ್ಪ ಎಲ್ಲವ್ನೆ?"

"ಪ್ಯಾಸೆಂಜರ್ ಲಿಸ್ಟ್ ಅಕ್ಕಾ ಇದು. ಡ್ರೈವರ್ ಹೆಸ್ರು ಬರಲ್ಲ," ಎಂದವಳು ಫೋನ್ ಕೆಳಗಿಳಿಸಿದಳು.

ಬಯಲಲ್ಲಿ ಈಗ ಬೆಳಕು ಹರಿದಿದೆ. ಜನ ಬ್ಯಾಗು ಹಿಡಿದು ಬರುತ್ತಿದ್ದಾರೆ, ಒಬ್ಬೊಬ್ಬರೇ ಲೋಟ ಎತ್ತುತ್ತಿದ್ದಾರೆ. ಮುನಿರತ್ನಮ್ಮನಿಗೆ ಬೇಕಾದದ್ದು ಒಂದೇ, ಈ ಲೋಟಗಳು ಹೊಸ ಬಸ್ಸು ಹತ್ತಬೇಕು. "ನಾನ್ ಬರ್ದಿದ್ರೆ ಹೋಗ್ಲಿ, ಇವು ಹೋಗ್ಲಿ. ನೀರಾದ್ರೂ ಕುಡೀಲಿ. ಗೋಪಾಲಪ್ಪಂಗೂ ಒಂದ್ ಲೋಟ ಮಡಗ್ಲಿ ಅಂತ ಕೇಳ್ದೆ. ನೋಡೋಣ ಅಂದವ್ರೆ." ನೋಡೋಣ ಎಂದರೆ ಏನೆಂದು ಸೂಲಿಬೆಲೆಯಲ್ಲಿ ಎಲ್ಲರಿಗೂ ಗೊತ್ತು.

ನಲವತ್ತಾರನ್ನು ಗೋಪಾಲಪ್ಪ ಎತ್ತಿ ಕುಡಿದು, ಕೈಗೆ ಕೊಟ್ಟು, ಮುಖ ನೋಡದೆ ಸ್ಟೇರಿಂಗಿಗೆ ಹೋಗುತ್ತಾನೆ. ಹಲಗೆಯ ಮೇಲೆ ಉಳಿದಿರುವುದು ಒಂದೇ ಒಂದು. ಮುನಿರತ್ನಮ್ಮ ಅದನ್ನು ಸೆರಗಿನಲ್ಲಿ ಒರೆಸಿ ನೆಟ್ಟಗೆ ಮಾಡಿ, ತಳದ ನಂಬರನ್ನು ಹೆಬ್ಬೆರಳಿನಲ್ಲಿ ಒಮ್ಮೆ ಸವರುತ್ತಾರೆ.

"ಹನ್ನೊಂದ್ ವರ್ಷ. ನಾನ್ ಬಂದ್ಮೇಲೆ ಯಾರನ್ನೂ ಬಿಟ್ಟು ಬಂದಿಲ್ಲ ಕಣಪ್ಪಾ."