ಮಾವ ಮುಟ್ಟದ ಮೀಸಲು ನಿಧಿ

ಪುರಸಭೆಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಗುಮಾಸ್ತ. ಮುದ್ರೆ ಒತ್ತುವುದು, ಅದು ಸೊಟ್ಟಗೆ ಬಿತ್ತೆಂದು ಬೈಸಿಕೊಳ್ಳುವುದು, ಇಷ್ಟೇ ನನ್ನ ಉದ್ಯೋಗ. ಇದನ್ನೂ ಕೊಡಿಸಿದ್ದು ಸೋದರಮಾವ ಎಂದು ಊರೆಲ್ಲ ನಂಬಿದೆ. ಮಾವ ಅಲ್ಲಿ ಮುಖ್ಯ ಲೆಕ್ಕಿಗರು, ನಿಜ. ಆದರೆ ಅಕ್ಕನ ಮಗನೆಂಬ ಒಂದೇ ಕಾರಣಕ್ಕೆ ನನ್ನ ಅರ್ಜಿಯನ್ನು ಎರಡು ಸಲ ಹಿಂದಕ್ಕೆ ಕಳಿಸಿದವರೂ ಅವರೇ. ಮೂರನೆಯ ಸಲ ಅವರು ರಜೆಯಲ್ಲಿದ್ದರು.

ಕಚೇರಿಯಲ್ಲಿ ಅವರ ಅಡ್ಡಹೆಸರು ಬಿಗಿಮುಷ್ಟಿ. ಹಿಂದೊಮ್ಮೆ ಪುರಸಭೆಯ ಬೊಕ್ಕಸ ಬರಿದಾಗಿ, ಸಾಲವೂ ಹುಟ್ಟದೆ, ಬೀದಿ ಗುಡಿಸುವವರಿಗೆ ಸಂಬಳ ನಿಂತಿತ್ತಂತೆ. ಬಾಗಿಲಲ್ಲಿ ಕೂತ ಆ ಹೆಂಗಸರಿಗೆ ‘ನಾಳೆ ಬನ್ನಿ’ ಎನ್ನುವ ಕೆಲಸ ಆಗಿನ ಎಳೆಯ ಗುಮಾಸ್ತರಾದ ಮಾವನದು. ಅದನ್ನು ಮರೆಯದೆ, ಮುಖ್ಯ ಲೆಕ್ಕಿಗರಾದಂದಿನಿಂದ ವರ್ಷವರ್ಷವೂ ಉಳಿದದ್ದನ್ನೆಲ್ಲ ಮೀಸಲು ನಿಧಿಗೆ ಸೇರಿಸಿದರು. ತಮ್ಮ ತಲೆಯ ಮೇಲಿನ ಫ್ಯಾನು ಕೆಟ್ಟಾಗ ಹಳೆಯ ಕಡತದ ರಟ್ಟು ಬೀಸಿಕೊಂಡು ಬೇಸಿಗೆ ಕಳೆದರು.

ಅತ್ತೆ ನಡೆಸುತ್ತಿದ್ದದ್ದು ಪುರಸಭೆಯ ಶಿಶುವಿಹಾರ. ಪೌರಕಾರ್ಮಿಕರ, ಸಂತೆಕಟ್ಟೆಯ ಹೆಂಗಸರ ಕೂಸುಗಳು ಅಲ್ಲಿ ಮಲಗುತ್ತಿದ್ದವು. ಚಾವಣಿ ಸೋರುತ್ತಿತ್ತು. ಪ್ರತಿ ಬಜೆಟ್ಟಿಗೂ ಅತ್ತೆ ದುರಸ್ತಿ ಕೇಳುವರು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವ ಮಾವ ಅದನ್ನು ಕಟ್ಟಕಡೆಗೆ ಇಡುವರು. ಹೆಂಡತಿಯ ಕೆಲಸ ಮುಂದಿಟ್ಟರೆ ಜನ ಆಡಿಕೊಂಡಾರು ಎಂಬ ಅಳುಕು. ಮನೆಯಲ್ಲಿ ಇಬ್ಬರೂ ಊಟಕ್ಕೆ ಕೂತು ಪಕ್ಕದ ಮನೆಯ ನಾಯಿಯವರೆಗೆ ಎಲ್ಲ ಮಾತಾಡುವರು, ಚಾವಣಿಯೊಂದನ್ನು ಬಿಟ್ಟು. ನಡುವೆ ನಾನು, ಪುಕ್ಕಟೆ ಊಟದ ಗಿರಾಕಿ, ತಟ್ಟೆ ನೋಡಿಕೊಂಡು ಉಣ್ಣುವೆ.

ಈ ವರ್ಷ ಪುರಸಭೆಗೆ ಹೊಸ ಸಭಾಭವನದ ಹುಚ್ಚು ಹತ್ತಿತು. ಸಾಲ ಕೊಡುವ ಬ್ಯಾಂಕು ‘ಒತ್ತೆಗೆ ಏನಿದೆ’ ಎಂದಾಗ ಪುರಸಭೆಯ ಅಧ್ಯಕ್ಷರು ಮೀಸಲು ನಿಧಿಯನ್ನೇ ಇಡಿಯಾಗಿ ತೋರಿಸಿದರು. ಮಾವ ಬೇಡವೆಂದು ಬರೆದುಕೊಟ್ಟರು. ಅಧ್ಯಕ್ಷರು ಅವರ ಮುಂದಾಲೋಚನೆಯನ್ನು ಹೊಗಳಿ, ಚಪ್ಪಾಳೆ ಹೊಡೆಸಿ, ನಿರ್ಣಯ ಪಾಸು ಮಾಡಿದರು.

ಅದಾದ ಮೇಲೊಂದು ರಜಾದಿನ ಶಿಶುವಿಹಾರದ ಚಾವಣಿಯ ಒಂದು ಮೂಲೆ ಕಳಚಿಬಿತ್ತು. ಕೂಸುಗಳಿರಲಿಲ್ಲ, ಪುಣ್ಯ. ಎಂಜಿನಿಯರು ಬೀಗ ಜಡಿದರು. ಮಾವ ಜೀವಮಾನದಲ್ಲಿ ಮೊದಲ ಸಲ ಸಭೆಯಲ್ಲಿ ಎದ್ದುನಿಂತು ಮೀಸಲು ನಿಧಿಯಿಂದ ಒಂದು ಪಾಲು ಕೇಳಿದರು.

“ಅದು ಬ್ಯಾಂಕಿಗೆ ಬರೆದುಕೊಟ್ಟಾಯ್ತಲ್ಲ, ಯಜಮಾನ್ರೇ,” ಎಂದರು ಅಧ್ಯಕ್ಷರು ಮೆಲ್ಲಗೆ. “ಇನ್ನು ಸಾಲ ತೀರೋವರೆಗೂ ಯಾರೂ ಮುಟ್ಟೋಹಾಗಿಲ್ಲ.”

ಶಿಶುವಿಹಾರ ಮುಚ್ಚಿತು. ಒಬ್ಬಳು ಮಗುವನ್ನು ಕಸದ ಗಾಡಿಯ ಹಿಡಿಗೆ ಸೆರಗಿನಿಂದ ಕಟ್ಟಿಕೊಂಡು ಬೀದಿ ಗುಡಿಸುತ್ತಿದ್ದುದನ್ನು ನಾನೇ ನೋಡಿದೆ. ನೋಡಿ ಕಚೇರಿಗೆ ಹೋದೆ, ಹೊತ್ತಾಗಿತ್ತು.

ಆ ಸಂಜೆ ಅತ್ತೆ ಶಿಶುವಿಹಾರದಿಂದ ತಂದ ಪುಟ್ಟ ಹಾಸಿಗೆಗಳನ್ನು ಹಜಾರದಲ್ಲಿ ಒಣಹಾಕಿದ್ದರು. ಮಾವ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

“ಬೇರೆ ಯಾರಾದ್ರೂ ಕೇಳಿದ್ರೆ ಮಾಡಿಸ್ತಿದ್ರಾ?” ಎಂದು ಅತ್ತೆ ತಲೆಯೆತ್ತದೆ ಕೇಳಿದರು.

ಮಾವನಿಗೆ ಸುಳ್ಳು ಬರುವುದಿಲ್ಲ. “ಮೊದಲನೇ ವರ್ಷವೇ,” ಎಂದರು.

ಅತ್ತೆ ‘ಹೂಂ’ ಎಂದು, ಒದ್ದೆ ಹಾಸಿಗೆಯೊಂದನ್ನು ಮಗುಚಿ ಹಾಕಿದರು.